ಕೊನೆಯಲ್ಲಿ ನಿಲ್ಲುವ ಕ್ರಿಯಾಪದ

ಗಣಕಯಂತ್ರವು ಮಹಾ ಬುದ್ಧಿಶಾಲಿಯೆಂಬ ಭಾವನೆ ಜನರಲ್ಲಿ ಬೇರೂರಿರುವುದು. ಅದರೊಡನೆ ನಿತ್ಯವೂ ಹೆಣಗುವವರಾದರೋ ಬೇರೆ ಮಾತನ್ನು ಹೇಳುವರು. ಅದಕ್ಕಿರುವುದು ಬುದ್ಧಿಯಲ್ಲ, ಕ್ರಮ. ಯಾವುದನ್ನು ಮೊದಲು ತೆಗೆದುಕೊಳ್ಳಬೇಕು, ಯಾವುದನ್ನು ಕಾಯಿಸಬೇಕು ಎಂಬೆರಡು ಪ್ರಶ್ನೆಗಳಿಗೆ ಉತ್ತರ ದೊರೆತರೆ ಅದರ ವಿದ್ಯೆ ಬಹುಮಟ್ಟಿಗೆ ಕೈವಶವಾದಂತೆಯೇ.

ಕಾಯಿಸುವ ರೀತಿಗಳು ಎರಡು. ವರ್ಷಕ್ಕೊಮ್ಮೆ, ದೀಪಾವಳಿಯ ಸುಮಾರಿಗೆ, ಹಾಸನಾಂಬೆಯ ಗುಡಿಯ ಬಾಗಿಲು ತೆರೆದಾಗ ಬೆಳೆಯುವ ಸಾಲನ್ನು ಹಾಸನದ ಸೀಮೆಯಲ್ಲಿ ಕಾಣದವರು ವಿರಳ. ವಿಶೇಷ ಟಿಕೇಟಿನವರ ಮಾತು ಬೇರೆ. ಉಳಿದಂತೆ ಮೊದಲು ನಿಂತವರಿಗೆ ಮೊದಲು ದರ್ಶನ. ಇದು ಕ್ಯೂ. ಅಡಿಗೆಮನೆಯಲ್ಲಿ ತೊಳೆದು ಒಂದರ ಮೇಲೊಂದು ಪೇರಿಸಿದ ತಟ್ಟೆಗಳ ಧರ್ಮ ಇನ್ನೊಂದು. ಕೊನೆಗೆ ಇಟ್ಟದ್ದೇ ಮೊದಲು ಕೈಗೆ ಬರುವುದು. ಇದು ಸ್ಟ್ಯಾಕ್.

ಅರಕಲಗೂಡು ತಾಲ್ಲೂಕಿನ ಕನ್ನಡ ಶಾಲೆಯಲ್ಲಿ ಓದಿ ಹಾಸನದಲ್ಲಿ ಇಂಜಿನಿಯರಿಂಗ್ ಕಾಲೇಜು ಸೇರಿದ ಹುಡುಗಿಯೊಬ್ಬಳಿಗೆ ಈ ಎರಡರಿಂದಲೇ ಒಂದು ಪುಟ್ಟ ಬೈಟ್‌ಕೋಡ್ ಯಂತ್ರವನ್ನು ಕಟ್ಟುವ ಕೆಲಸ ಬಿದ್ದಿತು. ಯಂತ್ರವೆಂದರೆ ಕಬ್ಬಿಣದ್ದಲ್ಲ, ಪ್ರೋಗ್ರಾಮಿನೊಳಗೇ ನಡೆಯುವ ಕಲ್ಪಿತ ಯಂತ್ರ. ಅದಕ್ಕೆ ಕೊಡುವ ಆಜ್ಞೆಗಳು ಬರಿಯ ಅಂಕೆಗಳು: 1 ಎಂದರೆ ‘ಮುಂದಿನ ಸಂಖ್ಯೆಯನ್ನು ಪೇರಿಸು’, 2 ಎಂದರೆ ‘ಕೂಡು’, 3 ‘ಕಳೆ’, 4 ‘ಗುಣಿಸು’, 0 ‘ನಿಲ್ಲು’. ಒಂದು ಬೈಟಿನಲ್ಲಿ 0ಯಿಂದ 255ರವರೆಗಿನ ಅಂಕೆ ಹಿಡಿಯುವುದರಿಂದ ಆಜ್ಞೆಗಳಿಗೆ ಬರವಿಲ್ಲ. 1995ರಲ್ಲಿ ಲೋಕಕ್ಕೆ ಬಂದ ಜಾವಾ ಭಾಷೆಯೂ ಇಂಥ ಕಲ್ಪಿತ ಯಂತ್ರದ ಮೇಲೆಯೇ ನಡೆಯುವುದು.

ಹುಡುಗಿಯ ಯಂತ್ರ ಕೂಡಿತು, ಗುಣಿಸಿತು. ಕಳೆಯುವಾಗ ಮಾತ್ರ ತಪ್ಪಿತು. 8 − 3 × 2 ಎಂದರೆ 2 ಬರುವ ಬದಲು −2 ಬಂದಿತು. ಸಹಪಾಠಿಗಳು ಇಂಗ್ಲಿಷಿನಲ್ಲಿ ಸರಾಗವಾಗಿ ಚರ್ಚಿಸುತ್ತಿದ್ದರೆ ಇವಳು ಮೂಲೆಯಲ್ಲಿ ಕುಳಿತಿರುವಳು. ಶುಲ್ಕಕ್ಕಾಗಿ ತಂದೆ ಸಾಲ ಮಾಡಿದ್ದನು. ದಸರೆಯ ರಜೆಗೆ ಹೊಳೆನರಸೀಪುರದ ತಾತನ ಮನೆಗೆ ಬಂದವಳು, “ಇಂಗ್ಲಿಷಿನಲ್ಲಿ ಯೋಚನೆ ಮಾಡಲು ಬಾರದವಳಿಗೆ ಈ ವಿದ್ಯೆ ಹತ್ತದು ತಾತ, ಬಿಟ್ಟುಬಿಡುತ್ತೇನೆ” ಎಂದಳು.

ತಾತನು ರೈಲ್ವೆಯಲ್ಲಿ ಷಂಟಿಂಗ್ ಕೆಲಸ ಮಾಡಿ ನಿವೃತ್ತನಾದವನು. ಗಣಕವನ್ನು ಮುಟ್ಟಿದವನಲ್ಲ. “ಅದೇನು ಮಾಡಬೇಕೋ ಹೇಳು ಮಗು” ಎಂದನು.

ಅವಳು ಹೇಳಿದಳು: ಲೆಕ್ಕವು ಎಡದಿಂದ ಒಂದೊಂದಾಗಿ ಬರುವುದು. ಸಂಖ್ಯೆಗಳು ನೇರವಾಗಿ ಹೊರಸಾಲಿಗೆ ಹೋಗುವುವು. ಚಿಹ್ನೆಗಳು ಪಕ್ಕದ ಸ್ಟ್ಯಾಕಿನಲ್ಲಿ ಕಾಯುವುವು. ಹೊಸ ಚಿಹ್ನೆ ಬಂದಾಗ, ಮೇಲಿರುವುದು ತನಗೆ ಸಮನೋ ಹೆಚ್ಚೋ ಆದರೆ ಮೊದಲು ಅದನ್ನು ಹೊರಡಿಸಬೇಕು. ಇಲ್ಲವಾದರೆ 8 − 3 + 2 ಎಂಬುದು 7 ಆಗದೆ 3 ಆಗುವುದು.

ತಾತನು ನಕ್ಕನು. “ಇದು ನಮ್ಮ ಯಾರ್ಡು. ಮೇನ್ ಲೈನಿನಲ್ಲಿ ಹೋಗುವುದು ಹೋಗುತ್ತದೆ. ಕಾಯಬೇಕಾದ ವ್ಯಾಗನ್ನು ಸೈಡಿಂಗಿಗೆ. ಸೈಡಿಂಗಿಗೆ ಬಾಯಿ ಒಂದೇ. ಕೊನೆಗೆ ನುಗ್ಗಿದ್ದು ಮೊದಲು ಹೊರಗೆ.” ಅವನ ಮಾತು ಊಹೆಯಲ್ಲ. ಹಾಲೆಂಡಿನ ಡೈಕ್‌ಸ್ಟ್ರಾ ಎಂಬ ವಿದ್ವಾಂಸನು 1961ರಲ್ಲಿ ವಿವರಿಸಿದ ಈ ವಿಧಾನಕ್ಕೆ ಷಂಟಿಂಗ್ ಯಾರ್ಡ್ ಎಂದೇ ಹೆಸರು.

ಹೊರಸಾಲಿನಲ್ಲಿ 8 3 2 × − ಎಂದು ನಿಂತಿತ್ತು. ತಾತನು ಬೆರಳಿಟ್ಟು ಓದಿದನು: “ಎಂಟರಿಂದ, ಮೂರನ್ನು ಎರಡರಿಂದ ಗುಣಿಸಿ, ಕಳೆ. ಸರಿಯಾದ ಕನ್ನಡವೇ ಆಯಿತಲ್ಲ!”

ಹುಡುಗಿ ಸ್ತಬ್ಧಳಾದಳು. ಪೋಲೆಂಡಿನ ತರ್ಕಶಾಸ್ತ್ರಜ್ಞ ವುಕಾಶೆವಿಚ್ 1924ರಲ್ಲಿ ಚಿಹ್ನೆಯನ್ನು ಮುಂದಿಟ್ಟು ಆವರಣಗಳ ಕಾಟವನ್ನು ತಪ್ಪಿಸಿದನು. ಅದನ್ನು ತಿರುಗಿಸಿ ಚಿಹ್ನೆಯನ್ನು ಹಿಂದಿಟ್ಟುದೇ ಸ್ಟ್ಯಾಕ್ ಯಂತ್ರದ ಕ್ರಮ. ಮೊದಲು ಪದಾರ್ಥಗಳು, ಕೊನೆಗೆ ಕ್ರಿಯೆ. ಕನ್ನಡದ ವಾಕ್ಯದಲ್ಲಿಯೂ ಕರ್ತೃ ಕರ್ಮಗಳೆಲ್ಲ ಬಂದು ಕಾದು ಕುಳಿತ ಮೇಲೆಯೇ ಕ್ರಿಯಾಪದದ ಪ್ರವೇಶ. ಯಂತ್ರಕ್ಕೆ ಕನ್ನಡವೂ ತಿಳಿಯದು, ಇಂಗ್ಲಿಷೂ ತಿಳಿಯದು. ಆದರೆ ಯಾವುದನ್ನು ತನ್ನ ಕೊರತೆಯೆಂದು ಅವಳು ಅಳುಕಿದ್ದಳೋ ಆ ನುಡಿಯ ನಡಿಗೆ ಇಲ್ಲಿ ಅಡ್ಡಿಯಾಗಿರಲಿಲ್ಲ.

ತಪ್ಪು ಸಿಕ್ಕಿದ್ದು ಆಮೇಲೆ. “ಸೈಡಿಂಗಿನಿಂದ ಮೊದಲು ಹೊರಟದ್ದು ಕೊನೆಗೆ ಬಂದದ್ದಲ್ಲವೇ?” ಎಂದು ತಾತನು ಕೇಳಿದನು. ಸ್ಟ್ಯಾಕಿನಲ್ಲಿ ಕೆಳಗೆ 8, ಮೇಲೆ 6. ಮೊದಲು ಕೈಗೆ ಬಂದ 6ರಿಂದ 8ನ್ನು ಯಂತ್ರ ಕಳೆಯುತ್ತಿದ್ದಿತು. ಕೂಡುವುದರಲ್ಲಿಯೂ ಗುಣಿಸುವುದರಲ್ಲಿಯೂ ಹಿಂದುಮುಂದಾದರೆ ಬಾಧಕವಿಲ್ಲವಾದ್ದರಿಂದ ದೋಷ ಅಡಗಿ ಕುಳಿತಿತ್ತು. ಒಂದು ಸಾಲನ್ನು ತಿದ್ದಿದಳು. 1 8 1 3 1 2 4 3 0 ಎಂಬ ಒಂಬತ್ತು ಬೈಟುಗಳು ಓಡಿ 2 ಬಂದಿತು.

ಕೆಲಸ ಅಲ್ಲಿಗೆ ಮುಗಿಯಲಿಲ್ಲ. ಕ್ಯೂವಿನಿಂದ ತೆಗೆದ ಆಜ್ಞೆ ಹೋದದ್ದು ಹೋಯಿತು. ಅದೇ ಆಜ್ಞೆಯನ್ನು ಹತ್ತು ಬಾರಿ ನಡೆಸಬೇಕೆಂದರೆ ಸಾಲನ್ನು ಅಳಿಸದೆ ಇಟ್ಟುಕೊಂಡು, ‘ಈಗ ಎಲ್ಲಿ’ ಎಂದು ತೋರಿಸುವ ಒಂದು ಗುರುತನ್ನು ಹಿಂದಕ್ಕೂ ಮುಂದಕ್ಕೂ ಸರಿಸಬೇಕು. ಆ ಭಾಗವನ್ನು ಬರೆಯಲು ಅವಳು ರಜೆ ಮುಗಿಯುವ ಒಂದು ದಿನ ಮುಂಚೆಯೇ ಹಾಸನದ ರೈಲನ್ನು ಹತ್ತಿದಳು. ಕಾಲೇಜು ಬಿಡುವ ಮಾತನ್ನು ಮನೆಯಲ್ಲಿ ಯಾರೂ ಮತ್ತೆ ಎತ್ತಲಿಲ್ಲ.