ಕೋಡಿಯ ಜಾಡಿನಲ್ಲಿ ಒಂದು ಮಾಗಿಯ ದಿನ

ಸರ್ಜಾಪುರ ರಸ್ತೆಯಿಂದ ವೈಟ್‌ಫೀಲ್ಡಿನವರೆಗಿನ ಪ್ರದೇಶವೆಂದರೆ ಗಾಜಿನ ಸೌಧಗಳೂ ವಾಹನಗಳ ದಟ್ಟಣೆಯೂ ಮಾತ್ರವೇ ಅನೇಕರ ನೆನಪಿಗೆ ಬರುತ್ತವೆ. ಮಾಗಿಯ ಒಂದು ದಿನ ಅಲ್ಲಿನ ಕೆರೆಗಳ ಕೋಡಿಯ ಜಾಡನ್ನು ಹಿಡಿದು ನಡೆದವರಿಗೆ ಬೇರೊಂದು ಲೋಕವೇ ಗೋಚರಿಸುತ್ತದೆ.

ಮುಂಜಾವಿಗೆ ಕೈಕೊಂಡ್ರಹಳ್ಳಿ ಕೆರೆಯ ಏರಿಯನ್ನು ಸೇರಬೇಕು. ನೀರುಕಾಗೆಗಳು ನೆನೆದ ರೆಕ್ಕೆಗಳನ್ನು ಹರಡಿ ಎಳೆಬಿಸಿಲಿಗೆ ಒಡ್ಡಿರುತ್ತವೆ. ಕಪ್ಪು ಮೈಯ ನಾಮದ ಕೋಳಿ, ಹಣೆಯ ಬಿಳಿಯ ಗುರುತಿನಿಂದ ತನ್ನ ಹೆಸರನ್ನು ಸಾರ್ಥಕಗೊಳಿಸುತ್ತ ತೇಲುತ್ತದೆ. ಹೆಜ್ಜಾರ್ಲೆಯ ಗಾಂಭೀರ್ಯವಂತೂ ಮಕ್ಕಳಿಗೆ ತೋರಿಸತಕ್ಕದ್ದು. ನೀರಂಚಿನಲ್ಲಿ ಬಾಲ ಕುಣಿಸುವ ಬೂದು ಸಿಪಿಲೆಯು ಹಿಮಾಲಯದ ತೊರೆಗಳಂತಹ ತಂಪುನೆಲೆಗಳಿಂದ ಬಂದ ಅತಿಥಿ. ಉತ್ತರದಲ್ಲಿ ಹಿಮ ಕವಿದು ಹುಳುಹುಪ್ಪಟೆಗಳು ಅಪರೂಪವಾದಾಗ, ಈ ಪುಟ್ಟ ಜೀವಿ ನಮ್ಮ ಕೆರೆಗಳನ್ನು ನಂಬಿ ಬರುತ್ತದೆ.

ಕೊಳಚೆ ಸೇರಿ ನಲುಗಿದ್ದ ಈ ಕೆರೆಗೆ 2009ರಿಂದೀಚೆಗೆ ಪಾಲಿಕೆಯೂ ಸುತ್ತಲಿನ ನಾಗರಿಕರೂ ಕೂಡಿ ಮರುಜೀವ ನೀಡಿದರು. ನೀರು ತಿಳಿಯಾದಂತೆ ಹಕ್ಕಿಗಳು ಮರಳಿದವು. ಅವುಗಳಿಗೆ ಆಮಂತ್ರಣ ಪತ್ರಿಕೆ ಬೇಕಾಗಲಿಲ್ಲ.

ಆದರೆ ಒಂದು ಕೆರೆಯನ್ನು ಕಾಯ್ದರೆ ಸಾಲದು. ಇದರ ಕೋಡಿ ಸೌಳ ಕೆರೆಗೆ, ಅಲ್ಲಿಂದ ಬೆಳ್ಳಂದೂರಿಗೆ, ಮುಂದೆ ವರ್ತೂರಿಗೆ, ಕಡೆಗೆ ದಕ್ಷಿಣ ಪಿನಾಕಿನಿಗೆ ಸೇರುವುದು. ಸುಮಾರು 900 ಎಕರೆ ವಿಸ್ತಾರದ ಬೆಳ್ಳಂದೂರು ಕೆರೆಯ ನೊರೆಗೆ 2015ರ ಮೇ ತಿಂಗಳಿನಲ್ಲಿ ಬೆಂಕಿ ಹತ್ತಿದ ಸಂಗತಿ ಲೋಕಕ್ಕೇ ತಿಳಿದದ್ದು. 2020ರ ವೇಳೆಗೆ ಈ ಎರಡು ದೊಡ್ಡ ಕೆರೆಗಳ ಹೂಳೆತ್ತುವ ಕಾರ್ಯ ಆರಂಭವಾಯಿತಾದರೂ, ಹೂಳು ಹೋದ ಮಾತ್ರಕ್ಕೆ ಒಳಬರುವ ಕೊಳಚೆ ನಿಲ್ಲುವುದಿಲ್ಲ.

ಆ ನೊರೆಯಲ್ಲಿ ನಮ್ಮ ಬಚ್ಚಲಿನ ಪಾಲೂ ಉಂಟು. ನೀರುಹಕ್ಕಿ ತನ್ನ ಗರಿಗಳಿಗೆ ಕೊಕ್ಕಿನಿಂದ ಎಣ್ಣೆ ಸವರಿಕೊಂಡು ಅವನ್ನು ಒಪ್ಪವಾಗಿ ಜೋಡಿಸುತ್ತದೆ. ಅದರಿಂದಲೇ ಬಾತು ಮುಳುಗದೆ, ಮೈ ತಣಿಯದೆ ತೇಲಬಲ್ಲದು. ಬಟ್ಟೆಯ ಜಿಡ್ಡನ್ನು ತೆಗೆಯುವ ಸಾಬೂನಿನ ಪುಡಿ ಹಕ್ಕಿಯ ಗರಿಯ ಜಿಡ್ಡನ್ನೂ ತೆಗೆಯುತ್ತದೆ. ಸಲಿಕೆಯಂತಹ ಕೊಕ್ಕಿನಿಂದ ನೀರನ್ನು ಸೋಸಿ ಉಣ್ಣುವ ಚಲುಕ ಬಾತಿಗೆ, ಕೆರೆಯೇ ತಟ್ಟೆ, ಕೆರೆಯೇ ಲೋಟ.

ಆದುದರಿಂದ ಬರುವ ಮಾಗಿಯಲ್ಲಿ ಮನೆಮಂದಿಯೆಲ್ಲ ಒಂದು ದಿನ ಈ ಹಾದಿಯನ್ನು ಹಿಡಿಯಿರಿ. ದೂರದರ್ಶಕವಿದ್ದರೆ ಲೇಸು, ಮೌನವಿದ್ದರೆ ಸಾಕು. ಹಕ್ಕಿಗಳಿಗೆ ಬ್ರೆಡ್ಡು ಬಿಸ್ಕತ್ತು ಎಸೆಯಬೇಡಿರಿ. ಅವುಗಳ ಆಹಾರ ಅವುಗಳಿಗೆ ಗೊತ್ತು. ಮನೆಗೆ ಮರಳಿದ ಮೇಲೆ, ಬಕೆಟ್ಟಿಗೆ ಹಾಕುವ ಸಾಬೂನಿನ ಪುಡಿಯಲ್ಲಿ ಒಂದು ಚಮಚ ಕಡಿಮೆ ಮಾಡಿರಿ. ದೂರದಿಂದ ಬಂದ ಅತಿಥಿಗೆ ಗೃಹಸ್ಥರು ಸಲ್ಲಿಸಬಹುದಾದ ಸತ್ಕಾರ ಅದೇ.