ಕವಾಯಿಯಿಂದ ಆಯಿಗೆ

ಲಿಹುಎ, ಕವಾಯಿ ದ್ವೀಪ, ಹವಾಯಿ
ರಾತ್ರಿ 2 ಗಂಟೆ

ಆಯೀ,

ನಿದ್ದೆ ಹತ್ತುತ್ತಿಲ್ಲ. ಕುಮಟೆಯಲ್ಲೀಗ ಸಂಜೆ ಐದೂವರೆ; ಚಾ ಲೋಟ ಹಿಡಿದು ‘ಆ ಪುಟ್ಟ ವಿಮಾನ ಬಿದ್ದರೆ’ ಎಂದು ಶುರುಮಾಡಿರುತ್ತೀ. ಅದಕ್ಕೆ ಎರಡು ಎಂಜಿನ್ ಇವೆ, ಲೈಫ್ ಜಾಕೆಟ್ ತೊಟ್ಟೇ ಕೂರುತ್ತೇವೆ. ಸಾಕಲ್ಲ? ನಾ ಪಾಲಿ ಬಂಡೆಗಳ ಫೋಟೊ ತಂಗಿಗೆ ಕಳಿಸಿದ್ದೇನೆ, ನೋಡು.

ಡಾಲ್ಫಿನ್, ತಿಮಿಂಗಿಲಗಳನ್ನು ಎಣಿಸಲು ಸುಮಾರು 800 ಅಡಿ ಎತ್ತರದಲ್ಲಿ, ಮೊದಲೇ ಎಳೆದಿಟ್ಟ ಗೆರೆ ಬಿಡದೆ ಹಾರುತ್ತೇವೆ. ಎರಡೂ ಕಿಟಕಿಗೆ ಒಬ್ಬೊಬ್ಬರ ಕಣ್ಣು. ಡಾಲ್ಫಿನ್ ಗುಂಪು ರೆಕ್ಕೆಯ ನೇರಕ್ಕೆ ಬಂದಾಗ ಕೋನಮಾಪಕ ಓದಿ ಕೂಗಬೇಕು. ಎತ್ತರ ಗೊತ್ತಿದೆಯಲ್ಲ, ದೂರ ಸಿಗುತ್ತದೆ. ಸ್ಪಿನ್ನರ್ ಡಾಲ್ಫಿನ್‌ಗಳು ರಾತ್ರಿ ಬೇಟೆಯಾಡಿ ಹಗಲು ಕೊಲ್ಲಿಗಳಲ್ಲಿ ವಿಶ್ರಮಿಸುತ್ತವೆ, ಸುಲಭ. ಕೊಕ್ಕಿನ ತಿಮಿಂಗಿಲಗಳದ್ದೇ ಗೋಳು. ಮುಳುಗಿದರೆ ಒಂದು ಗಂಟೆ ಮೇಲೆ ಬಾರದಿರಬಹುದು, ನಾವು ಕ್ಷಣದಲ್ಲಿ ದಾಟಿರುತ್ತೇವೆ. ಮುಳುಗಿರುವ ಹೊತ್ತನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಕಡಲು ಖಾಲಿ ಎಂದೇ ಬರೆಯಬೇಕಾದೀತು.

ಗಾಳಿ ಎದ್ದರೆ ಎಲ್ಲ ಬಂದ್. ಅಲೆಗೆ ನೊರೆ ಬಂತೆಂದರೆ ಪ್ರತಿ ನೊರೆಯಲ್ಲೂ ಒಂದು ಬೆನ್ನು ಕಾಣುತ್ತದೆ! ಇವತ್ತೂ ಹಾರಲಿಲ್ಲ. ಮಾರುಕಟ್ಟೆಗೆ ಹೋದರೆ ಕೆಸುವಿನ ಎಲೆ, ಕಟ್ಟು ಕಟ್ಟು! ಹನಲೇ ಕಣಿವೆಯಲ್ಲಿ ನಮ್ಮ ಭತ್ತದ ಗದ್ದೆಯ ಹಾಗೆ ನೀರು ನಿಲ್ಲಿಸಿ ಕೆಸು ಬೆಳೆಯುತ್ತಾರೆ. ಗೆಡ್ಡೆ ಬೇಯಿಸಿ ಜಜ್ಜಿದರೆ ಪೊಯ್. ಮಾರುವ ಅಜ್ಜಿಗೆ ಪತ್ರೊಡೆ ಸುತ್ತುವುದನ್ನು ಕೈಯಲ್ಲೇ ಮಾಡಿ ತೋರಿಸಿದೆ. ಅವಳು ಅದೇ ಎಲೆಯಲ್ಲಿ ಹಂದಿಮಾಂಸ ಸುತ್ತಿ ಹಬೆಯಲ್ಲಿಡುತ್ತಾಳಂತೆ. ‘ಗಂಟಲು ತುರಿಸದ ಹಾಗೆ ಏನು ಮಾಡುತ್ತೀ?’ ಎಂದಳು. ಹುಣಸೆ ಎಂದೆ. ಅವಳದು ಬರೀ ಬೇಯಿಸುವುದು, ಗಂಟೆಗಟ್ಟಲೆ. ಪಕ್ಕದವರ ಹಿತ್ತಲಲ್ಲಿ ಹುಣಸೆಮರವಿದೆಯೆಂದು ಮೊಮ್ಮಗನನ್ನು ಓಡಿಸಿದಳು. ನಾನು ಅವಳ ಸ್ಟೂಲಿನ ಮೇಲೆ, ಅವಳು ನಿಂತು ವ್ಯಾಪಾರ! ಎಲೆಗಷ್ಟೇ ದುಡ್ಡು ತೆಗೆದುಕೊಂಡಳು, ಹುಣಸೆಗೆ ಮುಟ್ಟಲಿಲ್ಲ.

ಅಪ್ಪನ ಬಿಪಿ ಗುಳಿಗೆ ತೀರುವ ಮೊದಲೇ ತರಿಸು. ತಂಗಿಯ ಪರೀಕ್ಷೆ ಫೀಸು ಕಳಿಸಿದ್ದೇನೆ, ಬಂತೋ ಕೇಳು.

ಆ ಎಲೆಯಲ್ಲಿ ಪತ್ರೊಡೆ ಮಾಡಿದೆ. ಮಿಕ್ಸಿಯಲ್ಲಿ ಅಕ್ಕಿ ನುಣ್ಣಗಾಗಲಿಲ್ಲ, ಬೆಲ್ಲದ ಬದಲು ಕಂದು ಸಕ್ಕರೆ. ಆದರೂ ಪೈಲಟ್ ಪಾತ್ರೆ ಕೆರೆದು ತಿಂದ; ಅಜ್ಜಿಯ ಪಾಲು ಬಚ್ಚಿಡಬೇಕಾಯಿತು. ಅವಳಿಗೆ ಬರೆದುಕೊಡಬೇಕು: ನೀನು ಕೊತ್ತಂಬರಿ ಹುರಿದು ಹಾಕುತ್ತೀಯೋ, ಹಸಿಯದೋ? ಗಾಳಿ ಇಳಿದ ಹಾಗಿದೆ, ಐದಕ್ಕೆ ಏಳಬೇಕು. ಅಂದಹಾಗೆ ಹಿತ್ತಲ ಮಾಡಿನ ಹಂಚು ಮಳೆಗೆ ಮೊದಲು, ಆ ಆಚಾರಿ ಬರದಿದ್ದರೆ…