ರುಜು ಕಲಿತವರ ಮೈದಾನ

ನಮ್ಮವ್ವ ರುಜು ಹಾಕೋದು ಕಲಿತದ್ದು ನಮ್ಮ ಸ್ಲೇಟಿನ ಮೇಲೆ. ಸ್ತ್ರೀಶಕ್ತಿ ಸಂಘ ಸೇರಬೇಕು, ಬ್ಯಾಂಕಿನಲ್ಲಿ ಖಾತೆ ತೆರೀಬೇಕು, ಹೆಬ್ಬೆಟ್ಟು ಒತ್ತಬಾರದು ಎಂದು ನಮ್ಮ ಕೇರಿಯ ಹೆಂಗಸರೆಲ್ಲ ಹಟ ತೊಟ್ಟಿದ್ದರು. ನಾವು ಅಣ್ಣ ತಂಗಿ ಆಗ ಎರಡನೇ ಕ್ಲಾಸು, ಒಂದನೇ ಕ್ಲಾಸು. ಕೂಲಿಯಿಂದ ಬಂದು, ಒಲೆ ಹಚ್ಚಿ, ಎಸರು ಕಾಯುವ ಹೊತ್ತಿನಲ್ಲಿ ಅವ್ವ ಬಳಪ ಹಿಡೀತಿದ್ದಳು. ಅವಳ ಹೆಸರಿನಲ್ಲಿ ಒಂದು ಒತ್ತಕ್ಷರ ಇತ್ತು. ಕಳೆ ಕಿತ್ತ ಬೆರಳಿಗೆ ಆ ಒತ್ತು ಬಗ್ಗಲಿಲ್ಲ. ಹದಿನೈದು ದಿನ ಒದ್ದಾಡಿ ಕೊನೆಗೆ, 'ಹೋಗ್ಲಿ ಬುಡ್ರೋ, ಒತ್ತು ಇಲ್ದಿದ್ರೆ ನಾನು ನಾನಲ್ವಾ?' ಎಂದು ಒತ್ತು ಬಿಟ್ಟೇ ಬರೆದಳು. ಬ್ಯಾಂಕಿನ ಕಾಗದದಲ್ಲಿ ಇವತ್ತಿಗೂ ಅವಳು ಒತ್ತಿಲ್ಲದವಳು.

ಈ ಸಂಗತಿಯನ್ನು ನಾವು ಮರೆತೇಬಿಟ್ಟಿದ್ದೆವು. ಸಾವಿರಾರು ಮೈಲಿ ದೂರದ ಬ್ರೆಜಿಲ್ ದೇಶದ ಒಂದು ಫುಟ್‌ಬಾಲ್ ಸ್ಟೇಡಿಯಮ್ಮಿನ ಕತೆ ಅದನ್ನು ಮತ್ತೆ ನೆನಪಿಗೆ ತಂದಿತು. ಆ ಸ್ಟೇಡಿಯಂ ನಾವು ಕಂಡದ್ದಲ್ಲ, ಓದಿ ತಿಳಿದದ್ದು. ಓದಲು ದಾರಿ ತೋರಿಸಿದ್ದು ಮಾತ್ರ ನಮ್ಮ ಬೆಂಗಳೂರಿನದೇ ಒಂದು ಮೂಲೆ.

ಡಿಗ್ರಿ ಓದಲು ಬಂದ ಹೊಸತರಲ್ಲಿ ಹಾಸ್ಟೆಲಿನ ಗೆಳೆಯರೆಲ್ಲ ಸೇರಿ ಹಲಸೂರಿನ ಗೌತಮಪುರಕ್ಕೆ ಹೋಗಿದ್ದೆವು. ಬಡವರ ಬಡಾವಣೆ. ಫುಟ್‌ಬಾಲ್ ಅಂದರೆ ಪ್ರಾಣ ಬಿಡುವ ಜನ. ಅಲ್ಲಿ ಬುದ್ಧನಿದ್ದಾನೆ, ಬಾಬಾಸಾಹೇಬರಿದ್ದಾರೆ, ಮದರ್ ತೆರೇಸಾ ಇದ್ದಾರೆ. ಅವರ ಜೊತೆಗೆ ಚೆಂಡು ಹಿಡಿದ ಒಬ್ಬ ಕರಿಯ ಆಟಗಾರ. ಪೆಲೆ! ನಮಗೆ ನಗು ಬಂತು, ಆಮೇಲೆ ಕಣ್ಣು ತುಂಬಿತು. ದೇವರ ಗುಡಿಯೊಳಗೆ ನಮ್ಮನ್ನು ಬಿಡದಿದ್ದರೆ ಏನಂತೆ, ನಮ್ಮ ಬೀದಿಯಲ್ಲಿ ಯಾರು ನಿಲ್ಲಬೇಕೆಂದು ನಾವೇ ತೀರ್ಮಾನ ಮಾಡುತ್ತೇವೆ ಎಂದು ಆ ಕೇರಿ ಹೇಳಿದಂತಿತ್ತು. ಅವತ್ತಿನಿಂದ ನಮ್ಮನ್ನು ಒಂದು ಪ್ರಶ್ನೆ ಹಿಡಿಯಿತು. ಪೆಲೆಗಿಂತ ಮುಂಚೆ? ಆ ದೇಶದ ಕರಿಯ ಹುಡುಗರು ಮೈದಾನದೊಳಕ್ಕೆ ಹೇಗೆ ಬಂದರು? ಬಾಗಿಲು ತೆಗೆದವರು ಯಾರು?

ಹುಡುಕುತ್ತ ಹೋದರೆ ರಿಯೋ ಡಿ ಜನೈರೊ ಪಟ್ಟಣದ ಸಾವೊ ಜನುವಾರಿಯೋ ಸ್ಟೇಡಿಯಂ ಸಿಕ್ಕಿತು. ವಾಸ್ಕೋ ಡ ಗಾಮ ಎಂಬ ಕ್ಲಬ್ಬಿನದು. ಪಕ್ಕದ ಬೀದಿಯ ಹೆಸರನ್ನೇ ಜನ ಅದಕ್ಕೆ ಇಟ್ಟು ಕರೆದರು.

ಕ್ಲಬ್ಬಿನ ಹೆಸರು ಕೇಳಿದರೆ ನಮಗೆ ಹಿತವಾಗುವುದಿಲ್ಲ. 1498ರಲ್ಲಿ ಕಲ್ಲಿಕೋಟೆಗೆ ಬಂದಿಳಿದ, ಕಾರವಾರದ ಹತ್ತಿರದ ಅಂಜದೀವದಲ್ಲಿ ಲಂಗರು ಹಾಕಿದ ಆ ಪೋರ್ಚುಗೀಸನದೇ ಹೆಸರು. ಅವನ ಪ್ರಯಾಣಕ್ಕೆ ನಾನೂರು ವರ್ಷ ತುಂಬಿದ 1898ರಲ್ಲಿ ರಿಯೋದ ಪೋರ್ಚುಗೀಸ್ ವಲಸಿಗರು ಕಟ್ಟಿದ ದೋಣಿ ಸ್ಪರ್ಧೆಯ ಕ್ಲಬ್ಬು ಅದು. ನಮ್ಮ ಹುಬ್ಬಳ್ಳಿ ಕಡೆಯವರು ಗೋವೆಗೆ ದುಡಿಯಲು ಹೋಗುವಾಗ ಇಳಿಯುವ ಊರಿಗೂ ಅವನದೇ ಹೆಸರು. ಹೆಸರು ಯಾರದೋ, ಬೆವರು ಯಾರದೋ. ಕ್ಲಬ್ಬು ಕರಿಯರದಲ್ಲ, ಅಂಗಡಿ ವ್ಯಾಪಾರದ ಬಿಳಿಯರದು ಎಂಬುದನ್ನು ಮೊದಲೇ ಹೇಳಿಬಿಡಬೇಕು. ಸುಳ್ಳು ಕತೆ ಹೇಳಿ ಖುಷಿಪಡುವ ಚಟ ನಮಗೆ ಬೇಡ.

ಬ್ರೆಜಿಲಿನಲ್ಲಿ ಗುಲಾಮಗಿರಿ ಕಾನೂನಿನ ಪ್ರಕಾರ ಕೊನೆಗೊಂಡದ್ದು 1888ರಲ್ಲಿ. ಆಮೇಲೆ ಅಲ್ಲಿಗೆ ಬಂದ ಫುಟ್‌ಬಾಲ್ ದೊಡ್ಡ ಮನೆಯ ಹುಡುಗರ ಆಟವಾಗಿ ಬೆಳೆಯಿತು. ಬಾಂಗೂ ಎಂಬ ಜವಳಿ ಮಿಲ್ಲಿನ ಕ್ಲಬ್ಬಿನಂಥ ಒಂದೆರಡು ಕಡೆ ಕೂಲಿಕಾರರು, ಕರಿಯರು ಆಡುತ್ತಿದ್ದರು. ಆದರೆ ಗೆಲ್ಲುತ್ತಿರಲಿಲ್ಲ, ಆದ್ದರಿಂದ ಯಾರಿಗೂ ತೊಂದರೆ ಇರಲಿಲ್ಲ. 1923ರಲ್ಲಿ ತೊಂದರೆ ಶುರುವಾಯಿತು. ಮೊದಲ ದರ್ಜೆಗೆ ಅದೇ ವರ್ಷ ಏರಿ ಬಂದ ವಾಸ್ಕೋ ತಂಡ ರಿಯೋದ ಪಟ್ಟವನ್ನೇ ಹೊಡೆದುಕೊಂಡಿತು. ಆಡಿದವರು ಯಾರು? ಗೋಲ್‌ಕೀಪರ್ ನೆಲ್ಸನ್ ಡ ಕಾನ್ಸೆಯ್ಸಾವೊ, ಕರಿಯ, ಬಾಡಿಗೆ ಕಾರಿನ ಡ್ರೈವರ್. ಸೆಸಿ, ಗೋಡೆಗೆ ಬಣ್ಣ ಹೊಡೆಯುವವನು. ನಿಕೊಲಿನೊ, ಬಂದರಿನಲ್ಲಿ ಮೂಟೆ ಹೊರುವವನು. ಮೂಟೆ ಹೊತ್ತ ಕಾಲು ಓಡತೊಡಗಿದರೆ ಕ್ಲಬ್ಬಿನ ಕುರ್ಚಿಯಲ್ಲಿ ಕೂತ ಕಾಲಿಗೆ ಹಿಡಿಯುವುದುಂಟೆ?

ಮಾರನೇ ವರ್ಷ, 1924ರಲ್ಲಿ, ಫ್ಲುಮಿನೆನ್ಸೆ, ಫ್ಲಮೆಂಗೊ, ಬೊಟಫೋಗೊ ಮುಂತಾದ ದೊಡ್ಡ ಕ್ಲಬ್ಬುಗಳು ಸೇರಿ ಬೇರೆಯೇ ಸಂಘ ಮಾಡಿಕೊಂಡವು. ವಾಸ್ಕೋ ಅಲ್ಲಿಗೆ ಬರಬೇಕಾದರೆ ಹನ್ನೆರಡು ಆಟಗಾರರನ್ನು ಕೈಬಿಡಬೇಕು ಎಂದವು. ಕರಿಯರು ಬೇಡ ಎಂದು ಎಲ್ಲೂ ಬರೆಯಲಿಲ್ಲ. ಅಲ್ಲೇ ಇರುವುದು ಮರ್ಮ. ಇವರ ಉದ್ಯೋಗ ಮರ್ಯಾದೆಯದಲ್ಲ ಎಂದರು. ಇವರಿಗೆ ಓದು ಬರಹ ಬರುವುದಿಲ್ಲ ಎಂದರು. ನಿಮಗೆ ಸ್ವಂತ ಸ್ಟೇಡಿಯಂ ಇಲ್ಲವಲ್ಲ ಎಂದರು.

ಆಟಕ್ಕೆ ಮುಂಚೆ ಪ್ರತಿಯೊಬ್ಬ ಆಟಗಾರ ಕಾಗದದ ಮೇಲೆ ರುಜು ಮಾಡಬೇಕಿತ್ತು. ಮಾರಿಯೋ ಫಿಲ್ಯೋ ಎಂಬ ಪತ್ರಕರ್ತ ಬ್ರೆಜಿಲ್ ಫುಟ್‌ಬಾಲಿನ ಕರಿಯರ ಬಗ್ಗೆ 1947ರಲ್ಲಿ ಒಂದು ಪುಸ್ತಕ ಬರೆದ. ಆ ಆಟಗಾರರಿಗೆ ಕ್ಲಬ್ಬು ಅಕ್ಷರ ಕಲಿಸಿದ್ದನ್ನು ಅದರಲ್ಲಿ ಹೇಳಿದ್ದಾನೆ. ಪಾಸ್ಕೊಆಲ್ ಎಂಬ ಆಟಗಾರನಿಗೆ ಸಿನೆಲಿ ಎಂಬ ಮನೆತನದ ಹೆಸರನ್ನು ಬರೆಯುವುದೇ ಕಷ್ಟವಾಯಿತಂತೆ. ಅದನ್ನು ಬಿಟ್ಟು 'ಸಿಲ್ವ' ಎಂದು ಬರೆಸಿದರಂತೆ. ಇದನ್ನು ಓದಿದ ರಾತ್ರಿ ನಮಗೆ ನಿದ್ದೆ ಹತ್ತಲಿಲ್ಲ. ಒತ್ತು ಬಿಟ್ಟು ಬರೆದ ನಮ್ಮವ್ವ, ಮನೆತನ ಬಿಟ್ಟು ಬರೆದ ಪಾಸ್ಕೊಆಲ್. ಒಬ್ಬಳು ಐನೂರು ರೂಪಾಯಿ ಸಾಲಕ್ಕೆ, ಒಬ್ಬ ತೊಂಬತ್ತು ನಿಮಿಷದ ಆಟಕ್ಕೆ. ಇಬ್ಬರೂ ಒಳಗೆ ಬರಲು ಹೆಸರಿನ ಒಂದು ತುಂಡನ್ನು ಬಾಗಿಲಲ್ಲೇ ಬಿಟ್ಟು ಬಂದರು.

ಆ ದೇಶದಲ್ಲಿ ಅಕ್ಷರ ಬಾರದವರಿಗೆ ಮತದ ಹಕ್ಕು ಸಿಕ್ಕಿದ್ದು 1985ರಲ್ಲಿ ಎಂದರೆ ನಂಬುತ್ತೀರಾ? ಇಲ್ಲಿ ಬಾಬಾಸಾಹೇಬರು 1928ರಲ್ಲೇ ಸೈಮನ್ ಆಯೋಗದ ಮುಂದೆ ವಯಸ್ಸಿಗೆ ಬಂದವರಿಗೆಲ್ಲ ಮತ ಬೇಕು ಎಂದು ಕೇಳಿದ್ದರು. ಓದು ಬಾರದ ನಮ್ಮ ಅಜ್ಜಂದಿರು 1951-52ರ ಮೊದಲ ಚುನಾವಣೆಯಲ್ಲಿ ಚಿತ್ರದ ಗುರುತು ನೋಡಿ ಮತ ಹಾಕಿದರು. ಓದದವನಿಗೆ ಬುದ್ಧಿ ಇಲ್ಲ ಎನ್ನುವವರು ಓದಲು ಬಿಡದವರೇ. ಇದು ರಿಯೋದಲ್ಲೂ ನಿಜ, ನಮ್ಮ ಊರಲ್ಲೂ ನಿಜ.

ಈ ಜಾಣತನ ನಮಗೆ ಚೆನ್ನಾಗಿ ಗೊತ್ತು. ಹೈಸ್ಕೂಲಿನಲ್ಲಿದ್ದಾಗ ತಾಲ್ಲೂಕು ಪಂದ್ಯಕ್ಕೆ ತಂಡ ಆರಿಸುವ ದಿನ ನಾವು ಹಾಸ್ಟೆಲಿನ ಹುಡುಗರು ಹೋಗಿ ನಿಂತೆವು. ಡ್ರಿಲ್ ಮೇಷ್ಟ್ರು ನಮ್ಮ ಮುಖ ನೋಡಲಿಲ್ಲ, ಕಾಲು ನೋಡಿದರು. 'ಬೂಟಿಲ್ದೆ ಆಗಲ್ಲ ಕಣ್ರೋ' ಅಂದರು. ಮುಂದಿನ ವರ್ಷ ಸ್ಕಾಲರ್‌ಶಿಪ್ಪಿನ ದುಡ್ಡು ಕೂಡಿಸಿ, ಸಂತೆಯಲ್ಲಿ ಹಳೇ ಬೂಟು ಹುಡುಕಿ, ದೊಡ್ಡದಾದವಕ್ಕೆ ಬಟ್ಟೆ ತುರುಕಿಕೊಂಡು ಹೋದೆವು. ಮೇಷ್ಟ್ರು ಆಗ ಕೇಳಿದರು: 'ಪ್ರಾಕ್ಟೀಸ್ ಎಲ್ಲಿ ಮಾಡಿದ್ದೀರಿ? ನಿಮಗೆ ಮೈದಾನ ಎಲ್ಲಿದೆ?' ಸ್ಕೂಲಿನ ಮೈದಾನಕ್ಕೆ ಸಂಜೆ ಬೀಗ ಹಾಕಿಸುತ್ತಿದ್ದವರು ಅವರೇ. ಜಾತಿಯ ಮಾತು ಅವರ ಬಾಯಲ್ಲಿ ಒಂದು ಸಲವೂ ಬರಲಿಲ್ಲ. ಬೂಟು ಬಂತು, ಪ್ರಾಕ್ಟೀಸು ಬಂತು, ಮೈದಾನ ಬಂತು. ನಾವು ಒಂದು ಮೆಟ್ಟಿಲು ಹತ್ತಿದರೆ ಮೇಲೆ ಇನ್ನೊಂದು ಮೆಟ್ಟಿಲು ಹುಟ್ಟಿಕೊಳ್ಳುತ್ತಿತ್ತು.

ರಿಯೋದಲ್ಲಿ ಏನಾಯಿತು? 1924ರ ಏಪ್ರಿಲ್ 7ರಂದು ವಾಸ್ಕೋ ಅಧ್ಯಕ್ಷ ಜೊಸೆ ಆಗುಸ್ಟೊ ಪ್ರೆಸ್ಟೆಸ್ ಒಂದು ಕಾಗದ ಬರೆದ. ನಮ್ಮನ್ನು ಗೆಲ್ಲಿಸಿದ ಈ ಹನ್ನೆರಡು ಹುಡುಗರನ್ನು ಬಿಟ್ಟುಕೊಡಲಾರೆವು, ನಿಮ್ಮ ಸಂಘವೇ ನಮಗೆ ಬೇಡ ಎಂಬುದು ಅದರ ಸಾರ. ಒಂದು ಕಾಗದ ಅಷ್ಟೆ. ಆದರೆ ಕಾಗದ ಯಾವಾಗಲೂ ನಮ್ಮ ವಿರುದ್ಧವೇ ಬರೆಯಲ್ಪಡುವ ಲೋಕದಲ್ಲಿ ಅಂಥದೊಂದು ಕಾಗದಕ್ಕೆ ಬೆಲೆ ಇದೆ. ವಾಸ್ಕೋ ಆ ವರ್ಷ ಹಳೇ ಸಂಘದಲ್ಲೇ ಉಳಿದು ಆಡಿ ಗೆದ್ದಿತು. 1925ರಲ್ಲಿ ದೊಡ್ಡ ಕ್ಲಬ್ಬುಗಳು ತಾವೇ ಬಗ್ಗಿ ವಾಸ್ಕೋವನ್ನು ಅದರ ಆಟಗಾರರ ಸಮೇತ ಸೇರಿಸಿಕೊಂಡವು.

ಅದೇ 1923ರಲ್ಲಿ ನಮ್ಮ ದೇಶದಲ್ಲೂ ಒಂದು ಬಾಗಿಲು ಅರ್ಧ ತೆರೆದಿತ್ತು. ಬೊಂಬಾಯಿಯ ಕ್ರಿಕೆಟ್ ಪಂದ್ಯದಲ್ಲಿ ಹಿಂದೂ ತಂಡಕ್ಕೆ ಪಾಲ್ವಣಕರ ವಿಠಲ ಎಂಬ ದಲಿತ ನಾಯಕನಾದ. ಅವನ ಅಣ್ಣ ಬಾಲೂ ನಮ್ಮ ಧಾರವಾಡದಲ್ಲಿ ಹುಟ್ಟಿದವನು. ದೊಡ್ಡ ಬೌಲರ್. ಪುಣೆಯಲ್ಲಿ ಅವನ ಬೌಲಿಂಗ್ ಎಲ್ಲರಿಗೂ ಬೇಕಿತ್ತು. ಚಹಾ ಮಾತ್ರ ಹೊರಗೆ, ಕುಡಿದು ಬಿಸಾಡುವ ಮಣ್ಣಿನ ಕುಡಿಕೆಯಲ್ಲಿ. ಚೆಂಡು ಮುಟ್ಟಿದರೆ ಮೈಲಿಗೆ ಇಲ್ಲ, ಲೋಟ ಮುಟ್ಟಿದರೆ ಇದೆ!

ಇನ್ನು ಸ್ಟೇಡಿಯಂ. ನಿಮಗೆ ಮೈದಾನವಿಲ್ಲ ಎಂಬ ಮಾತಿಗೆ ಅವರು ಮೈದಾನ ಕಟ್ಟಿಯೇ ಉತ್ತರ ಕೊಟ್ಟರು. ಸರ್ಕಾರದ ದಾನವಲ್ಲ. ಸದಸ್ಯರು, ಅಭಿಮಾನಿಗಳು ವಂತಿಗೆ ಎತ್ತಿದರು. ಸಾವೊ ಕ್ರಿಸ್ಟೊವಾವೊ ಎಂಬ ಬಡಾವಣೆಯಲ್ಲಿ ಜಾಗ ಕೊಂಡರು. 1926ರ ಜೂನ್‌ನಲ್ಲಿ ಅಡಿಗಲ್ಲು, 1927ರ ಏಪ್ರಿಲ್ 21ರಂದು ಉದ್ಘಾಟನೆ. ಒಂದು ವರ್ಷವೂ ಹಿಡಿಯಲಿಲ್ಲ. ಆಗ ಇಡೀ ಬ್ರೆಜಿಲಿನಲ್ಲಿ ಅಷ್ಟು ದೊಡ್ಡದು ಬೇರೆ ಇರಲಿಲ್ಲ. ದೇಶದ ಅಧ್ಯಕ್ಷನೇ ಬಂದು ಕೂತ. ಮೊದಲ ಆಟ ಸಾಂಟೋಸ್ ಮೇಲೆ, ಮುಂದೊಂದು ಕಾಲಕ್ಕೆ ಪೆಲೆ ಆಡಿದನಲ್ಲ, ಅದೇ ತಂಡ. ವಾಸ್ಕೋ 3-5ರಲ್ಲಿ ಸೋತಿತು. ಸೋಲಲಿ ಬಿಡಿ, ಸೋತದ್ದು ತಮ್ಮ ನೆಲದಲ್ಲಿ.

ಗೆಳೆಯರೆ, ಆ ತಾರೀಖನ್ನು ಇನ್ನೊಮ್ಮೆ ನೋಡಿ. 1927ರ ಮಾರ್ಚ್ 20ರಂದು ಮಹಾಡಿನಲ್ಲಿ ಬಾಬಾಸಾಹೇಬರು ಚವದಾರ್ ಕೆರೆಯ ನೀರು ಮುಟ್ಟಿದರು. ಒಂದು ತಿಂಗಳು ಕಳೆದು ಭೂಮಿಯ ಆ ಕಡೆ ಈ ಮೈದಾನದ ಬಾಗಿಲು ತೆರೆಯಿತು. ಒಬ್ಬರಿಗೊಬ್ಬರ ಸುದ್ದಿ ಗೊತ್ತಿರಲಿಲ್ಲ. ಎರಡೂ ಒಂದೇ ಎಂದು ನಾವು ಹೇಳುವುದಿಲ್ಲ. ಕೆರೆ ಎಲ್ಲರದಾಗಿದ್ದೂ ಮುಟ್ಟಲು ಬಿಡಲಿಲ್ಲ. ಮೈದಾನವನ್ನು ಹಣ ಕೂಡಿಸಿ ಕಟ್ಟಿಕೊಳ್ಳಬಹುದು, ಕೆರೆಯನ್ನು ಹಾಗೆ ಬೇರೆ ಕಟ್ಟಿಕೊಂಡು ಸುಮ್ಮನಾದರೆ ನಾವು ಸೋತಂತೆ. ಆ ವ್ಯತ್ಯಾಸ ನೆನಪಿರಲಿ.

ಕಟ್ಟಿದ ಮೇಲೆ ಕತೆ ಸುಖವಾಗಿ ಮುಗಿಯಿತೆ? ಇಲ್ಲ. ದೊಡ್ಡ ಮೈದಾನ ಕಂಡಲ್ಲಿ ದೊರೆಗಳು ಬರುತ್ತಾರೆ. ಸರ್ವಾಧಿಕಾರಿ ಗೆಟುಲಿಯೊ ವರ್ಗಾಸ್ ಮೇ ದಿನದ ಸಭೆಗಳನ್ನು ಇಲ್ಲೇ ನಡೆಸಿದ. 1940ರ ಮೇ 1ರಂದು ದೇಶದ ಕನಿಷ್ಠ ಕೂಲಿಯನ್ನು ಸಾರಿದ್ದು ಈ ಸ್ಟೇಡಿಯಮ್ಮಿನಲ್ಲಿ. ಕೂಲಿಕಾರರು ಆಡಿ ಗೆದ್ದ ಕ್ಲಬ್ಬಿನ ನೆಲದಲ್ಲಿ ಕೂಲಿಯ ಕಾನೂನು. ಕೇಳಲು ಚೆನ್ನಾಗಿದೆ. ಆದರೆ 1943ರಲ್ಲಿ ಬಂದ ದೊಡ್ಡ ಕಾರ್ಮಿಕ ಸಂಹಿತೆ ಹೊಲದಲ್ಲಿ ದುಡಿಯುವವರನ್ನೂ ಮನೆಗೆಲಸದ ಹೆಂಗಸರನ್ನೂ ಹೊರಗಿಟ್ಟಿತು. ಮನೆಗೆಲಸದವರಿಗೆ ಉಳಿದ ಕಾರ್ಮಿಕರಂತೆ ಹಕ್ಕು ಬಂದದ್ದು 2013ರಲ್ಲಿ. ಅಂದರೆ ನಮ್ಮವ್ವ ಆ ದೇಶದಲ್ಲಿ ಹುಟ್ಟಿದ್ದರೂ ಆ ಮೇ ದಿನ ಗೇಟಿನ ಹೊರಗೇ ಇರುತ್ತಿದ್ದಳು.

ಒಳಗೆ ಬಂದವರ ಪಾಡಾದರೂ ಏನು? ಈ ಮೈದಾನದಲ್ಲಿ ವಾಸ್ಕೋಗೆ ಆಡಿದ ಗೋಲ್‌ಕೀಪರ್ ಬಾರ್ಬೋಸಾ, ಕರಿಯ. 1950ರ ವಿಶ್ವಕಪ್ಪಿನ ಕೊನೆಯ ಆಟ, ಪಕ್ಕದ ಮರಕಾನಾ ಸ್ಟೇಡಿಯಮ್ಮಿನಲ್ಲಿ. ಬ್ರೆಜಿಲ್ ಉರುಗ್ವೆಗೆ 1-2ರಲ್ಲಿ ಸೋತಿತು. ಹನ್ನೊಂದು ಜನ ಸೋತ ಆಟದ ತಪ್ಪನ್ನು ಒಬ್ಬನ ತಲೆಗೆ ಕಟ್ಟಿದರು. ಅವನು 2000ದಲ್ಲಿ ಸತ್ತ. ಕೊಲೆ ಮಾಡಿದವನಿಗೂ ಈ ದೇಶದಲ್ಲಿ ಮೂವತ್ತು ವರ್ಷಕ್ಕಿಂತ ಹೆಚ್ಚು ಶಿಕ್ಷೆ ಇಲ್ಲ, ನನಗೆ ಐವತ್ತು ವರ್ಷ ಎಂಬರ್ಥದ ಮಾತನ್ನು ಸಾಯುವ ಮುಂಚೆ ಆಡಿದ್ದ. ನಮ್ಮವನೊಬ್ಬ ಆಫೀಸಿನಲ್ಲಿ ಒಂದು ತಪ್ಪು ಮಾಡಿದರೆ 'ಇವರೆಲ್ಲ ಹಿಂಗೇ' ಎನ್ನುವುದನ್ನು ಕೇಳಿದವರಿಗೆ ಬಾರ್ಬೋಸಾನ ಕತೆ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೂ ಇತ್ತೀಚಿನದು. ಸಾವೊ ಜನುವಾರಿಯೋ ಗೋಡೆಗೆ ತಾಗಿಕೊಂಡೇ ಬರೇರ ಡೊ ವಾಸ್ಕೋ ಎಂಬ ಕೊಳೆಗೇರಿ ಇದೆ. 2023ರ ಜೂನ್‌ನಲ್ಲಿ ತಂಡ ಸೋತಾಗ ಪ್ರೇಕ್ಷಕರು ಗಲಾಟೆ ಮಾಡಿದರು. ತಪ್ಪು ತಪ್ಪೇ. ಆದರೆ ಕೋರ್ಟು ಪ್ರೇಕ್ಷಕರಿಗೆ ಬಾಗಿಲು ಮುಚ್ಚಿಸಿದಾಗ ಕೊಟ್ಟ ಕಾರಣಗಳಲ್ಲಿ, ಸ್ಟೇಡಿಯಂ ಸುತ್ತ ಕೊಳೆಗೇರಿ ಇದೆ, ಅಲ್ಲಿಂದ ಗುಂಡಿನ ಸದ್ದು ಕೇಳುತ್ತದೆ ಎಂಬುದೂ ಸೇರಿತ್ತು. ಸೆಪ್ಟೆಂಬರಿನವರೆಗೆ ಜನರಿಲ್ಲದ ಆಟ. ಆಟದ ದಿನ ನೀರು, ತಿಂಡಿ ಮಾರಿ ಬದುಕುವ ಕೇರಿಯ ಜನ ವ್ಯಾಪಾರವಿಲ್ಲದೆ ಕೂತರು. ಕ್ಲಬ್ಬಿನವರೂ ಕೇರಿಯವರೂ ಒಟ್ಟಾಗಿ ಇದು ಬಡವರ ಮೇಲಿನ ತಾತ್ಸಾರ ಎಂದು ದನಿ ಎತ್ತಿದರು. 1924ರಲ್ಲಿ ಮೈದಾನವಿಲ್ಲ ಎಂಬುದು ತಪ್ಪು. ನೂರು ವರ್ಷಕ್ಕೆ ಮೈದಾನ ಇರುವ ಜಾಗವೇ ತಪ್ಪು.

ಇಷ್ಟೆಲ್ಲ ಓದಿಕೊಂಡು ಹೋದ ಬೇಸಿಗೆಯಲ್ಲಿ ಊರಿಗೆ ಹೋದೆವು. ಅವ್ವ ಬ್ಯಾಂಕಿಗೆ ಮೂರು ಸಲ ಅಲೆದು ಬಂದಿದ್ದಳು. ಆಧಾರ್ ಕಾರ್ಡಿನಲ್ಲಿ ಅವಳ ಹೆಸರಿಗೆ ಒತ್ತು ಇದೆ, ಬ್ಯಾಂಕಿನ ರುಜುವಿನಲ್ಲಿ ಇಲ್ಲ. ಹೆಸರು ಹೊಂದುವುದಿಲ್ಲ, ದುಡ್ಡು ಕೊಡಲಾಗುವುದಿಲ್ಲ ಎಂದಿದ್ದರಂತೆ. ಅವತ್ತು ಹೆಬ್ಬೆಟ್ಟು ಬೇಡ ಎಂದು ರುಜು ಕಲಿತಳು, ಇವತ್ತು ರುಜು ಸರಿಯಿಲ್ಲ.

'ಒತ್ತು ಹಾಕೋದು ಹೇಳ್ಕೊಡ್ತೀವಿ ಬಾರವ್ವ, ಐದು ನಿಮಿಷದ ಕೆಲಸ' ಅಂದೆವು.

ಅವ್ವ ಸೊಪ್ಪು ಬಿಡಿಸುತ್ತಿದ್ದವಳು ತಲೆ ಎತ್ತಲಿಲ್ಲ. 'ಇಪ್ಪತ್ತು ವರ್ಸ ಇದೇ ರುಜು ನೋಡಿ ಸಾಲದ ಕಂತು ಕಟ್ಟಿಸ್ಕೊಂಡ್ರಲ್ಲ, ಆವಾಗ ಹೊಂದ್ತಿತ್ತಾ? ಕಟ್ಟೋವಾಗ ನಾನು, ಈಸ್ಕೊಳ್ಳೋವಾಗ ನಾನಲ್ವಾ? ನಾ ಬರೆದದ್ದೇ ನನ್ನ ಹೆಸ್ರು. ಅವರೇ ತಿದ್ಕೊಳ್ಳಲಿ' ಅಂದಳು.

ನಾವು ಮೊದಲ ಸಲ ಡಿಗ್ರಿ ಪಡೆದ ಮನೆಯವರು. ಕಲಿತ ಅಕ್ಷರದಲ್ಲಿ ಅವ್ವನನ್ನು ತಿದ್ದಲು ಹೊರಟಿದ್ದೆವಲ್ಲ ಎಂದು ನಾಚಿಕೆಯಾಯಿತು. ಒಂದು ಹಾಳೆ ತೆಗೆದುಕೊಂಡು ಮ್ಯಾನೇಜರಿಗೆ ಅರ್ಜಿ ಬರೆದೆವು. ಇವಳೇ ಅವಳು, ಈ ರುಜುವೇ ಇವಳದು, ಇದನ್ನು ಬದಲಿಸಲಾರೆವು, ನಿಮ್ಮ ದಾಖಲೆಯಲ್ಲಿ ಗುರುತು ಮಾಡಿಕೊಳ್ಳಿ ಎಂದು. ಒಂದೇ ಪುಟ. ಕೊನೆಗೆ ಅವ್ವನ ಕೈಗೆ ಪೆನ್ನು ಕೊಟ್ಟೆವು.

ಅವಳು ಕೈ ಒರೆಸಿಕೊಂಡು, ನಿಧಾನವಾಗಿ, ಒತ್ತು ಬಿಟ್ಟು ರುಜು ಹಾಕಿದಳು.